ವ್ರತಿಯ ಶರೀರ: ಕಾಯೋತ್ಸರ್ಗ ಮತ್ತು ಅಂಗಸಾಧನೆ

ಉಪವಾಸಾದಿ ವ್ರತಗಳನ್ನು ಕುರಿತು ಬರೆಯುವಾಗ ಆಹಾರತ್ಯಾಗದ ವಿಧಿಯನ್ನು ವಿಸ್ತಾರವಾಗಿ ಹೇಳಿ, ಆ ದಿನಗಳಲ್ಲಿ ಶರೀರವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಒಂದೆರಡು ಮಾತುಗಳಲ್ಲಿ ಮುಗಿಸುವುದು ರೂಢಿಯಾಗಿದೆ. ಇದರಿಂದ ಶ್ರಾವಕ ಶ್ರಾವಿಕೆಯರಲ್ಲಿ ಎರಡು ತಪ್ಪು ತಿಳಿವಳಿಕೆಗಳು ನೆಲೆಗೊಂಡಿವೆ. ಉಪವಾಸದ ದಿನ ಚಾಪೆ ಹಾಸಿ ಮಲಗಿ ಹೊತ್ತು ಕಳೆದರೆ ವ್ರತ ಸಾಂಗವಾಯಿತೆಂಬುದು ಒಂದು. ಶರೀರವು ಆತ್ಮನಿಂದ ಭಿನ್ನವಾದ ಪರದ್ರವ್ಯವಾದುದರಿಂದ ಅದರ ಬಲ, ಚಲನೆ, ಆರೋಗ್ಯಗಳ ವಿಚಾರವೇ ಮೋಹವೆಂಬುದು ಇನ್ನೊಂದು.

ಎರಡನೆಯ ಮಾತು ಕೇಳುವುದಕ್ಕೆ ಅಧ್ಯಾತ್ಮದ ಮಾತಿನಂತೆಯೇ ಇದೆ. ಆದುದರಿಂದ ಅದನ್ನು ಮೊದಲು ಪರಿಶೀಲಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ತಕ್ಕ ಸಂದರ್ಭಗಳನ್ನು ಹೇಳಿದ್ದಾರೆ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡಬಹುದು. ಹಾಗಾದರೆ ಅವು ಬಾರದಿರುವಾಗ ದೇಹವನ್ನು ಧರ್ಮಕ್ಕಾಗಿಯೇ ಉಳಿಸಿಕೊಳ್ಳಬೇಕೆಂಬುದು ತಾನಾಗಿ ಸಿದ್ಧವಾಗುತ್ತದೆ. ದಿಗಂಬರ ಮುನಿಗಳ ೨೮ ಮೂಲಗುಣಗಳಲ್ಲಿ ಸ್ಥಿತಿಭೋಜನವೂ ಒಂದು. ಮುನಿಗಳು ನಿಂತುಕೊಂಡು, ಕೈಗಳನ್ನೇ ಪಾತ್ರೆಯಾಗಿಸಿ ದಿನಕ್ಕೊಮ್ಮೆ ಆಹಾರ ಸ್ವೀಕರಿಸುತ್ತಾರೆ. ನಿಲ್ಲುವ ಬಲ ಕಾಲಿಗೂ, ಕೂಡುವ ಬಲ ಕೈಗೂ ಇರುವವರೆಗೆ ಮಾತ್ರ ಆಹಾರ; ಅದು ಉಡುಗಿದಾಗ ಆಹಾರವೂ ನಿಂತಿತು. ಮೊಣಕಾಲಿನ ಶಕ್ತಿಗೂ ಚಾರಿತ್ರಕ್ಕೂ ಇಷ್ಟು ಹತ್ತಿರದ ನಂಟನ್ನು ಕಲ್ಪಿಸಿರುವ ಆಚಾರವನ್ನು ಕಣ್ಣೆದುರಿಗೆ ಕಾಣುತ್ತಿದ್ದೂ, ಶರೀರಬಲದ ವಿಚಾರ ಜೈನನಿಗೆ ಹೊರಗಿನದೆಂದು ಹೇಳುವುದು ಹೇಗೆ? ೯ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮಧು, ಮದ್ಯ, ಮಾಂಸಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ದೇಹದ ವಿಚಾರ ಮೋಹವಾಗಿದ್ದಲ್ಲಿ ಅವರು ಆ ಶ್ರಮಕ್ಕೆ ಕೈಹಾಕುತ್ತಿರಲಿಲ್ಲ.

ಇನ್ನು ತಪಸ್ಸಿನ ಪ್ರಮಾಣ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ತೀರ್ಥಂಕರ ನಾಮಕರ್ಮದ ಆಸ್ರವಕ್ಕೆ ಕಾರಣವಾದ ೧೬ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ "ಶಕ್ತಿಗೆ ಅನುಸಾರವಾಗಿ" ಎಂಬ ವಿಶೇಷಣವಿದೆ. ಷೋಡಶಕಾರಣ ವ್ರತವನ್ನು ಹಿಡಿದು, ಶಕ್ತಿ ಮೀರಿ ಉಪವಾಸಕ್ಕೆ ತೊಡಗುವವರು ಆ ಹದಿನಾರರಲ್ಲಿ ಒಂದನ್ನು ಬಿಟ್ಟೇ ವ್ರತ ಮಾಡುತ್ತಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗಲೂ ಉತ್ತಮ ಸಂಹನನ, ಎಂದರೆ ಅಸ್ಥಿಬಂಧದ ದಾರ್ಢ್ಯವಿರುವವನಿಗೆ ಎಂಬ ನಿಯಮವಿದೆ. ವಜ್ರವೃಷಭನಾರಾಚವೇ ಮೊದಲಾದ ಆರು ಸಂಹನನಗಳಲ್ಲಿ ಈ ಪಂಚಮಕಾಲದ ನಮಗೆ ಉಳಿದಿರುವುವು ಕೆಳಗಿನವು ಮಾತ್ರ. ಭಗವಾನ್ ಬಾಹುಬಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನೆಂದು ಓದಿ, ನಾವು ಎರಡು ಗಂಟೆ ನಿಂತು ಬಿದ್ದರೆ ಅದು ಭಕ್ತಿಯಾಗಲಾರದು. ಅದೇ ಬಾಹುಬಲಿ ಅದಕ್ಕೆ ಮುನ್ನ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಭರತನನ್ನು ಗೆದ್ದವನೆಂಬುದನ್ನು ಜಿನಸೇನರೂ ನಮ್ಮ ಪಂಪನೂ ಹೇಳಿದ್ದಾರೆ. ಅವನು ತೊರೆದುದು ರಾಜ್ಯವನ್ನು, ಕಷಾಯವನ್ನು. ಆ ಭುಜಬಲವು ಅನಂತರ ತಪಸ್ಸಿನ ಕೆಲಸಕ್ಕೆ ಬಂದಿತು.

ಈಗ ಕಾಯೋತ್ಸರ್ಗದ ವಿಚಾರಕ್ಕೆ ಬರೋಣ. ನಮ್ಮ ಶಾಸ್ತ್ರದಲ್ಲಿ ಅಂಗಸಾಧನೆಯ ಮೊದಲ ಪಾಠ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ನಾನು ಮೂಲಾಚಾರದ ಈ ಪ್ರಕರಣವನ್ನೇ ತೋರಿಸುತ್ತೇನೆ. ಪಾದಗಳು ಸಮವಾಗಿ, ಅವುಗಳ ನಡುವೆ ನಾಲ್ಕು ಅಂಗುಲ ಅಂತರ. ಎರಡೂ ತೋಳುಗಳು ಸಡಿಲವಾಗಿ ಇಳಿಬಿದ್ದಿರಬೇಕು. ಯಾವ ಅಂಗವೂ ಅಲುಗಬಾರದು. ಶ್ರವಣಬೆಳಗೊಳದಲ್ಲಿ, ಕಾರ್ಕಳದಲ್ಲಿ, ವೇಣೂರಿನಲ್ಲಿ ನಾವು ತಲೆಯೆತ್ತಿ ನೋಡುವುದು ಇದೇ ನಿಲುವನ್ನು. ಇದರಲ್ಲಿ ಸಂಭವಿಸುವ ೩೨ ದೋಷಗಳನ್ನು ಆಚಾರ್ಯರು ಎಣಿಸಿದ್ದಾರೆ. ಕುದುರೆಯಂತೆ ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಎತ್ತುವುದು ಘೋಟಕ. ಗಾಳಿಗೆ ಸಿಕ್ಕ ಬಳ್ಳಿಯಂತೆ ತೂಗಾಡುವುದು ಲತಾ. ಕಂಬಕ್ಕೆ ಆತುಕೊಳ್ಳುವುದು ಸ್ತಂಭ, ಗೋಡೆಗೆ ಒರಗುವುದು ಕುಡ್ಯ. ಸಂಕೋಲೆ ತೊಟ್ಟವನಂತೆ ಕಾಲುಗಳನ್ನು ಅಗಲಿಸಿ ನಿಲ್ಲುವುದು ನಿಗಡ. ನೊಗಕ್ಕೆ ಕೊರಳು ಕೊಟ್ಟ ಎತ್ತಿನಂತೆ ಕತ್ತನ್ನು ಮುಂಚಾಚುವುದು ಯುಗ. ಬೇಲದ ಹಣ್ಣನ್ನು ಹಿಡಿದವನಂತೆ ಮುಷ್ಟಿ ಬಿಗಿಯುವುದು ಕಪಿತ್ಥ. ಕಾಗೆಯಂತೆ ಓರೆಗಣ್ಣಿನಿಂದ ನೋಡುವುದು ವಾಯಸ. ಕುಡಿದವನಂತೆ ತೂರಾಡುವುದು ವಾರುಣೀಪಾಯಿ. ಹುಬ್ಬು ಕುಣಿಸುವುದು, ತಲೆಯಾಡಿಸುವುದು, ಬೆರಳು ಎಣಿಸುವುದು ಇವೂ ದೋಷಗಳೇ. ಶಾಲೆಯ ಡ್ರಿಲ್ ಮಾಸ್ತರರು ಸಾಲಿನಲ್ಲಿ ನಿಂತ ಹುಡುಗರಲ್ಲಿ ಹುಡುಕುವ ತಪ್ಪುಗಳೆಲ್ಲ ಇಲ್ಲಿವೆ. ಅವರ ಕಣ್ಣಿಗೆ ಬೀಳದ ಕೆಲವೂ ಇವೆ. ಇಂದು ದೂರವಾಣಿಯ ಫಲಕದ ಮೇಲೆ ಬಾಗಿ ಕುಳಿತ ಎಳೆಯರನ್ನು ನೋಡಿದಾಗ ಯುಗದೋಷವು ಬಸದಿಯಿಂದಾಚೆಗೂ ವ್ಯಾಪಿಸಿದೆಯೆಂದು ತೋರುತ್ತದೆ.

ಅಲುಗದೆ ನಿಲ್ಲುವುದರಲ್ಲಿ ವ್ಯಾಯಾಮವೇನು ಬಂತೆಂದು ಕೇಳಬಹುದು. ಒರಗದೆ, ತೂಗದೆ ನಿಂತು ನೋಡಿದವರಿಗೆ ಉತ್ತರ ತಿಳಿಯುತ್ತದೆ. ಮೀನಖಂಡ, ತೊಡೆ, ಬೆನ್ನು, ಹೊಟ್ಟೆಗಳ ಸ್ನಾಯುಗಳು ಕ್ಷಣಕ್ಷಣಕ್ಕೂ ಸಣ್ಣದಾಗಿ ಬಿಗಿದು ಸಡಿಲಗೊಂಡು ದೇಹದ ತೂಕವನ್ನು ಪಾದಗಳ ನಡುವೆ ಹಿಡಿದಿರುತ್ತವೆ. ಕಾಲಕ್ಕೆ ಅಳತೆ ಉಸಿರೇ. ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಬಾರಿಗೆ ೨೭. ದೈವಸಿಕ ಪ್ರತಿಕ್ರಮಣಕ್ಕೆ ೧೦೮, ರಾತ್ರಿಕಕ್ಕೆ ೫೪, ಪಾಕ್ಷಿಕಕ್ಕೆ ೩೦೦, ಚಾತುರ್ಮಾಸಿಕಕ್ಕೆ ೪೦೦, ಸಾಂವತ್ಸರಿಕಕ್ಕೆ ೫೦೦. ವಿಶ್ರಾಂತಿಯಲ್ಲಿರುವವರು ನಿಮಿಷಕ್ಕೆ ಸುಮಾರು ೧೨ರಿಂದ ೧೬ ಬಾರಿ ಉಸಿರಾಡುತ್ತಾರೆ. ಆ ಲೆಕ್ಕದಲ್ಲಿ ೨೭ ಉಸಿರಿಗೆ ಎರಡು ನಿಮಿಷ, ೧೦೮ಕ್ಕೆ ಏಳರಿಂದ ಒಂಬತ್ತು ನಿಮಿಷ, ೫೦೦ಕ್ಕೆ ಅರ್ಧ ಗಂಟೆಗೂ ಮೀರಿದ ಹೊತ್ತು. ೨೭ರಿಂದ ೫೦೦ಕ್ಕೆ ಒಮ್ಮೆಲೇ ಹಾರದೆ ಅಭ್ಯಾಸವನ್ನು ಹಂತಹಂತವಾಗಿ ಏರಿಸಬೇಕು.

ನಿಲ್ಲಲಾರದವರು ಎದೆಗುಂದಬೇಕಾಗಿಲ್ಲ. ಮೂಲಾಚಾರವು ಕಾಯೋತ್ಸರ್ಗವನ್ನು ನಾಲ್ಕಾಗಿ ವಿಭಾಗಿಸಿದೆ. ನಿಂತು ಧರ್ಮಧ್ಯಾನ, ಶುಕ್ಲಧ್ಯಾನಗಳನ್ನು ಮಾಡುವುದು ಉತ್ಥಿತೋತ್ಥಿತ. ನಿಂತೂ ಆರ್ತರೌದ್ರಗಳಲ್ಲಿರುವುದು ಉತ್ಥಿತನಿವಿಷ್ಟ. ಕುಳಿತು ಶುಭಧ್ಯಾನದಲ್ಲಿರುವುದು ಉಪವಿಷ್ಟೋತ್ಥಿತ. ಕುಳಿತೂ ದುರ್ಧ್ಯಾನದಲ್ಲಿರುವುದು ಉಪವಿಷ್ಟನಿವಿಷ್ಟ. ಮೂರನೆಯವನನ್ನು ಶಾಸ್ತ್ರವು ಎದ್ದವನೆಂದೇ ಕರೆಯುತ್ತದೆ. ಉಪವಾಸದಿಂದ ಕಣ್ಣು ಕತ್ತಲೆಗಟ್ಟಿದ ಅಜ್ಜಿಯನ್ನು "ಇನ್ನು ಸ್ವಲ್ಪ ನಿಲ್ಲಿ, ಮುಗಿಯಿತು" ಎಂದು ಒತ್ತಾಯಿಸುವವರು ಈ ವಿಭಾಗವನ್ನು ಓದಬೇಕು.

ಸಾಮಾಯಿಕದಲ್ಲಿ ಚಲನೆಯೂ ಉಂಟು. ನಾಲ್ಕು ದಿಕ್ಕುಗಳಲ್ಲಿ ಮುಗಿದ ಕೈಗಳನ್ನು ಮೂರು ಮೂರು ಬಾರಿ ಸುತ್ತಿಸುವ ೧೨ ಆವರ್ತಗಳು, ನಾಲ್ಕು ಪ್ರಣಾಮಗಳು, ಎರಡು ನಿಷದ್ಯೆಗಳು. ನೆಲಕ್ಕೆ ಕುಳಿತು ಏಳುವ ಅಭ್ಯಾಸವನ್ನು ಇದು ಮೂರು ಸಂಧ್ಯೆಗಳಲ್ಲಿಯೂ ಉಳಿಸುತ್ತದೆ. ಮನೆಯಲ್ಲೆಲ್ಲ ಕುರ್ಚಿಯೇ ಆಗಿರುವ ಈ ದಿನಗಳಲ್ಲಿ ಮುದುಕರ ಸೊಂಟ ಕಾಲುಗಳಿಗೆ ಇದರ ಬೆಲೆ ಹೆಚ್ಚು.

ಉಪವಾಸದ ದಿನ ಮಲಗಿರುವುದರ ಬಗೆಗೆ ಹೇಳುವುದಾದರೆ, ಪ್ರೋಷಧೋಪವಾಸಿಯು ಆಲಸ್ಯವಿಲ್ಲದೆ ಜ್ಞಾನಧ್ಯಾನಪರನಾಗಿರಬೇಕೆಂಬುದು ಸಮಂತಭದ್ರರ ಮತ. ಆ ವ್ರತದ ಐದು ಅತಿಚಾರಗಳಲ್ಲಿ ಮೂರು ಅಂಗಚಲನೆಗೆ ಸಂಬಂಧಿಸಿದವು: ನೋಡದೆ, ಒರಸದೆ ವಸ್ತುವನ್ನು ತೆಗೆದುಕೊಳ್ಳುವುದು, ಬಿಡುವುದು, ಹಾಸಿಗೆ ಹಾಸುವುದು. ಉಪವಾಸಿಯು ಏಳುತ್ತಾನೆ, ನಡೆಯುತ್ತಾನೆ, ಕೈ ಚಾಚುತ್ತಾನೆ ಎಂದು ಒಪ್ಪಿಕೊಂಡೇ ಈ ನಿಯಮ ಹುಟ್ಟಿದೆ. ನಿಧಾನವಾಗಿ, ನೋಡಿ ಚಲಿಸುವುದರಿಂದ ಜೀವರಕ್ಷೆಯಾಗುತ್ತದೆ. ಬಳಲಿದವನು ಮುಗ್ಗರಿಸುವುದೂ ತಪ್ಪುತ್ತದೆ.

ಆ ದಿನ ದೇಹದೊಳಗೆ ನಡೆಯುವುದನ್ನೂ ಅರಿತಿರಬೇಕು. ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯ ಅಂಶ ಸುಮಾರು ಒಂದು ದಿನದಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಅನಂತರ ಕೊಬ್ಬು ಕರಗುತ್ತದೆ. ಅದರೊಡನೆ ಸ್ನಾಯುವೂ ಸ್ವಲ್ಪ ಸವೆಯುತ್ತದೆ. ನೀರನ್ನೂ ಬಿಟ್ಟವರಲ್ಲಿ ರಕ್ತದ ಪ್ರಮಾಣ ಇಳಿಯುವುದರಿಂದ ತಟ್ಟನೆ ಎದ್ದಾಗ ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಆದುದರಿಂದ ಮಲಗಿದವರು ಮೊದಲು ಮಗ್ಗುಲಾಗಿ, ಕುಳಿತು, ಒಂದು ಪಂಚನಮಸ್ಕಾರ ಹೇಳುವಷ್ಟು ತಡೆದು, ಆಸರೆ ಹಿಡಿದು ಏಳಬೇಕು. ನಿರ್ಜಲ ಉಪವಾಸದಲ್ಲಿ ಬಿಸಿಲೇರಿದ ಮೇಲೆ ವಿಂಧ್ಯಗಿರಿಯ ಮೆಟ್ಟಿಲನ್ನು ಹತ್ತುವುದನ್ನೂ, ಬೆವರು ಸುರಿಯುವ ಕಸರತ್ತನ್ನೂ ನಾನು ಸರ್ವಥಾ ಒಪ್ಪುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ರಕ್ತದೊತ್ತಡದ ಮದ್ದು ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳಬೇಕಾದುದು ಸಂಕಲ್ಪಕ್ಕೆ ಮುನ್ನ. ಸಂಕಲ್ಪವಾದ ಮೇಲೆ ಕೇಳಿದರೆ ಅವರ ಮಾತು ವ್ರತಭಂಗದ ಭಯದೊಡನೆ ಹೋರಾಡಬೇಕಾಗುತ್ತದೆ.

ಹಾಗಾದರೆ ಬಲವನ್ನು ಗಳಿಸುವುದು ಯಾವಾಗ? ಉಪವಾಸವಿಲ್ಲದ ದಿನಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ಸೂಚನೆಯಲ್ಲಿ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮವನ್ನೂ, ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸವನ್ನೂ ಹೇಳಿದೆ. ೬೫ ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವನ್ನು ಸೇರಿಸಿದೆ. ಬಿರುಸಾಗಿ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ ಮೊದಲನೆಯದು ತುಂಬುತ್ತದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯ ಎಚ್ಚರ ಇಲ್ಲಿಯೂ ಇರಲಿ. ಮಳೆಗಾಲದಲ್ಲಿ ದಾರಿಯೆಲ್ಲ ಹಸುರೂ ಹುಳುಗಳೂ ತುಂಬಿರುವುದರಿಂದ ಜಗಲಿಯಲ್ಲಿಯೋ ಬಸದಿಯ ಪ್ರದಕ್ಷಿಣಾಪಥದಲ್ಲಿಯೋ ನಡೆಯುವುದು ಉಚಿತ. ಬಲಕ್ಕೆ ಪಂಚಾಂಗ ನಮಸ್ಕಾರವನ್ನು ನಿಧಾನವಾಗಿ ಹತ್ತು ಬಾರಿ ಮಾಡಬಹುದು. ಮೊಣಕಾಲು ನೋವಿರುವವರು ಎತ್ತರದ ಮಣೆಯಿಂದ ಕೈಯೂರದೆ ಎದ್ದು ಕುಳಿತರೂ ಸಾಕು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಸಮತೋಲನಕ್ಕೆ ಸಹಕಾರಿ. ಅತಿಯಾಗಬಾರದೆಂಬುದಕ್ಕೆ ಆಯುರ್ವೇದದ ಅರ್ಧಶಕ್ತಿಯ ನಿಯಮವಿದೆ: ಹಣೆ ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಂದ ಉಸಿರು ಬರತೊಡಗಿದರೆ ನಿಲ್ಲಿಸಬೇಕು. ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಆರಂಭ. ಆ ಹತ್ತು ದಿನಗಳಲ್ಲಿ ಉಪವಾಸವನ್ನು ಉದ್ದೇಶಿಸಿದವರು ಆಷಾಢದಲ್ಲಿಯೇ ಈ ಅಭ್ಯಾಸಕ್ಕೆ ತೊಡಗಲಿ.

ಕೊನೆಗೆ ಪಾರಣೆ. ಹಲವು ದಿನಗಳ ಉಪವಾಸ ಮುಗಿಸಿದವರನ್ನು ಪಟ್ಟೆಯ ಮೇಲೆ ಕೂರಿಸಿ, ಬಂಧುಗಳೆಲ್ಲ ಸಾಲಾಗಿ ಬಂದು ಸಿಹಿ ತಿನ್ನಿಸುವ ಪದ್ಧತಿ ಹಲವೆಡೆ ಇದೆ. ಪ್ರೀತಿಯಿಂದ ಮಾಡುವುದೇ ಆದರೂ ಅಪಾಯಕರ. ದೀರ್ಘ ಉಪವಾಸದ ಮೇಲೆ ಸಿಹಿಯೂ ಪಿಷ್ಟವೂ ಒಮ್ಮೆಲೇ ಹೊಕ್ಕರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳು ಸರ್ರನೆ ಇಳಿದು ಹೃದಯದ ಬಡಿತವೇ ತಪ್ಪಬಹುದು. ಕಾಯಿಸಿ ಸೋಸಿದ ನೀರು, ಹೆಸರುಬೇಳೆಯ ಕಟ್ಟು, ತೆಳುವಾದ ಗಂಜಿ, ಅವೂ ಸ್ವಲ್ಪ ಸ್ವಲ್ಪವಾಗಿ. ಊಟ ಹಳೆಯ ಪ್ರಮಾಣಕ್ಕೆ ಮರಳಲು ಕೆಲವು ದಿನ ಬೇಕು. ಉಪವಾಸ ಒಂದು ವಾರಕ್ಕೆ ಮೀರಿದ್ದರೆ ಪಾರಣೆಯ ಹೊತ್ತಿಗೆ ವೈದ್ಯರೊಬ್ಬರು ಮನೆಯಲ್ಲಿರುವಂತೆ ನೋಡಿಕೊಳ್ಳಬೇಕು. ನಡಿಗೆಯನ್ನೂ ಅಂಗಳದಿಂದ ಬಾಗಿಲವರೆಗೆ ಎಂದೇ ಆರಂಭಿಸಿ, ಕಾಲು ನಡುಗುವುದು ನಿಂತ ಮೇಲೆ ದೂರವನ್ನು ಹೆಚ್ಚಿಸಬೇಕು.