ಬೀಜಕ್ಕೆ ಬಿಟ್ಟ ಚಿಪ್ಪು

ಬೆದ್ದಲು ಹೊಲದ ನಮಗೆ ಕಡಲ ಸುದ್ದಿ ಯಾಕೆ ಅನ್ನಬೇಡಿ, ಇದೂ ಬೀಜದ ಮಾತೇ. ಕೇರಳದ ಕೊಲ್ಲಂ ಹತ್ರ ಅಷ್ಟಮುಡಿ ಹಿನ್ನೀರಿದೆ. ಅಲ್ಲಿನ ಮೀನುಗಾರರು ತಳದ ಮರಳಿಂದ ಚಿಪ್ಪುಮೀನು (ನಮ್ಮ ಕರಾವಳಿಯವರ ಮರುವಾಯಿ) ಬಾಚಿ ಬದುಕೋರು. 1990ರ ದಶಕದ ಆರಂಭದಲ್ಲಿ ರಫ್ತು ಏರಿತು, ಮರಿಗಳನ್ನೂ ಬಾಚಿದರು, ಇಳುವರಿ ಬಿತ್ತು.

ಆಗ ವಿಜ್ಞಾನಿಗಳ ಸಲಹೆಗೆ ಮೀನುಗಾರರೂ ಒಪ್ಪಿ ಕಟ್ಟುಪಾಡು ಬಂತು. ಡಿಸೆಂಬರಿಂದ ಫೆಬ್ರವರಿ ತನಕ ಮರಿ ಹಿಡಿಯೋ ಕಾಲ, ಬಾಚುವಂತಿಲ್ಲ. ಬಲೆಯ ಕಣ್ಣು 30 ಮಿಲಿಮೀಟರಿಗೆ ಕಮ್ಮಿ ಇರಬಾರದು; ಸಣ್ಣವು ಜಾರಿ ನೀರಲ್ಲೇ ಉಳೀತಾವೆ. ಮೂರು ತಿಂಗಳ ದುಡಿಮೆ ಬಿಡೋದು ಬಡವನಿಗೆ ಸುಲಭವೇ? ಮೇಲಿಂದ ಹೇರಿದ್ದರೆ ರಾತ್ರೋರಾತ್ರಿ ಬಾಚುತ್ತಿದ್ದರು ಅಂತ ನನ್ನ ಅನಿಸಿಕೆ.

2014ರಲ್ಲಿ ಈ ಕಸುಬಿಗೆ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ತು, ಭಾರತಕ್ಕೇ ಮೊದಲನೆಯದು. ಆಮೇಲೆ ಚಿಪ್ಪು ಮತ್ತೆ ಇಳಿದು, 2024ರಲ್ಲಿ ವಿಜ್ಞಾನಿಗಳು 30 ಲಕ್ಷ ಮರಿ ಬಿಟ್ಟರು. ಅವು ಬಲಿಯೋ ತನಕ ಕಾಯೋರು ಮತ್ತೆ ಆ ಮೀನುಗಾರರೇ.