ಬಿಡಿಭಾಗ ಕೊಡದ ಕಂಪನಿಯ ಮೇಲೆ ದೂರು ಬರೆಯುವ ಮುನ್ನ

ಗ್ಯಾರೇಜ್ ಮಾಲೀಕರು, ಬಿಡಿಭಾಗದ ಅಂಗಡಿಯವರು, ಏಜೆನ್ಸಿ ಕಳೆದುಕೊಂಡವರು ವಕೀಲರ ಬಳಿ ಬರುವ ಹೊತ್ತಿಗೆ ತಡವಾಗಿರುತ್ತದೆ. ಕಂಪನಿಯ ಏರಿಯಾ ಮ್ಯಾನೇಜರ್‌ಗೆ ಕೈಮುಗಿದೇ ವರ್ಷಗಳು ಕಳೆದಿರುತ್ತವೆ. ಠಾಣೆಯಲ್ಲಿ ‘ಇದು ಸಿವಿಲ್ ವಿಚಾರ’ ಎಂದಿರುತ್ತಾರೆ. ಇನ್ನೊಂದು ಕಚೇರಿಯವರು ಗ್ರಾಹಕರ ಆಯೋಗಕ್ಕೆ ಅಟ್ಟಿರುತ್ತಾರೆ. ಜನರಿಗೆ ದಾರಿ ಹೇಳಲೆಂದೇ ಸಂಬಳ ಪಡೆಯುವವರ ಈ ಉಡಾಫೆ ಸಹಿಸುವಂಥದ್ದಲ್ಲ.

ಹೋಗಬೇಕಾದದ್ದು ಭಾರತೀಯ ಸ್ಪರ್ಧಾ ಆಯೋಗಕ್ಕೆ. ಸ್ಪರ್ಧಾ ಕಾಯ್ದೆ, 2002ರ 4ನೇ ಸೆಕ್ಷನ್ ಪ್ರಕಾರ ಕಂಪನಿ ಬೆಳೆಯುವುದು ತಪ್ಪಲ್ಲ. ತನ್ನನ್ನು ಬಿಟ್ಟರೆ ಗತಿಯಿಲ್ಲದವರ ಮೇಲೆ ಆ ಬಲ ಪ್ರಯೋಗಿಸುವುದು ತಪ್ಪು. ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಾರು ಕೊಳ್ಳುವಾಗ ಹತ್ತು ಕಂಪನಿಗಳಿರುತ್ತವೆ. ಕೊಂಡ ಮೇಲೆ ಆ ಕಾರಿನ ಬಿಡಿಭಾಗಕ್ಕೆ ಒಂದೇ. ಹಾಗಾಗಿ ಕಾರು ಮಾರಾಟದಲ್ಲಿ ಸಣ್ಣದಾದ ಕಂಪನಿಯೂ ತನ್ನ ಬಿಡಿಭಾಗದ ಮಾರುಕಟ್ಟೆಯಲ್ಲಿ ಪ್ರಬಲವೇ ಎಂದು ಆಯೋಗ ಒಪ್ಪಿತು.

ಬಹುಪಾಲು ದೂರುಗಳು ಬೀಳುವುದು ಮಾರುಕಟ್ಟೆಯಲ್ಲಿನ ಈ ಪ್ರಾಬಲ್ಯವನ್ನು ತೋರಿಸದೆಯೇ. ‘ನನಗೆ ಅನ್ಯಾಯವಾಯಿತು, ಏಜೆನ್ಸಿ ವಾಪಸ್ ಕೊಡಿಸಿ’ ಎಂದು ಬರೆದರೆ ಅದು ಇಬ್ಬರ ನಡುವಿನ ವ್ಯವಹಾರದ ಜಗಳವೆನಿಸಿಕೊಂಡು, ತನಿಖೆಗೂ ಹೋಗದೆ ಮುಗಿಯುತ್ತದೆ. ಮೂರು ವಿಷಯ ಬರೆಯಿರಿ: ಯಾವ ಸರಕಿನ, ಯಾವ ಪ್ರದೇಶದ ಮಾರುಕಟ್ಟೆ, ಅಲ್ಲಿ ಈ ಕಂಪನಿಗೆ ಬದಲಿ ಯಾಕಿಲ್ಲ, ಅದರ ನಡೆಯಿಂದ ಉಳಿದ ಗ್ಯಾರೇಜುಗಳಿಗೂ ಗ್ರಾಹಕರಿಗೂ ಏನು ನಷ್ಟ. ನಿಮ್ಮ ಕಥೆ ಅದಕ್ಕೆ ಸಾಕ್ಷಿ ಮಾತ್ರ.

ಮೊದಲು ಕಂಪನಿಯ ನಿರಾಕರಣೆಯನ್ನು ಬರಹದಲ್ಲಿ ಪಡೆಯಿರಿ. ಫೋನಿನಲ್ಲೇ ಜಾರಿಕೊಂಡರೆ ನೀವೇ ಇಮೇಲ್ ಕಳಿಸಿ, ಉತ್ತರ ಬಾರದಿದ್ದರೂ ಇಟ್ಟುಕೊಳ್ಳಿ. ಆಮೇಲೆ ನಿಗದಿತ ಶುಲ್ಕ ಕಟ್ಟಿ ಆಯೋಗಕ್ಕೆ ‘ಮಾಹಿತಿ’ (ಕಾಯ್ದೆಯ ಭಾಷೆಯಲ್ಲಿ ದೂರಿಗೆ ಇದೇ ಹೆಸರು) ಸಲ್ಲಿಸಿ. ಆದರೆ 2023ರ ತಿದ್ದುಪಡಿಯ ನಂತರ, ದೂರಿಗೆ ಕಾರಣ ಹುಟ್ಟಿದ 3 ವರ್ಷದೊಳಗೆ ಸಲ್ಲಿಸಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಮನ್ನಿಸಬಹುದು. ಮ್ಯಾನೇಜರ್ ‘ನೋಡೋಣ’ ಎಂದದ್ದನ್ನು ನಂಬಿ ಕೂತದ್ದು ಕಾರಣವಾದೀತು ಎಂದು ಭಾವಿಸಬೇಡಿ. ಕಂಪನಿಯ ಭಯವಿದ್ದರೆ ಹೆಸರು ಗುಟ್ಟಾಗಿಡಲು ಕೋರಬಹುದು. ಸ್ವತಃ ನಷ್ಟವಾಗದವರೂ ಮಾಹಿತಿ ಕೊಡಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಸಂಘದ ಹೆಸರಿನಲ್ಲೂ ಹೋಗಬಹುದು.

‘ದೆಹಲಿಯಲ್ಲಿ ನಮ್ಮವರಿದ್ದಾರೆ, ಪರಿಹಾರ ಕೊಡಿಸುತ್ತೇವೆ’ ಎನ್ನುವ ದಲ್ಲಾಳಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಯೋಗ ಹಾಕುವ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ತಪ್ಪು ಸಾಬೀತಾದ ಮೇಲೆ ಪರಿಹಾರಕ್ಕೆ ಮೇಲ್ಮನವಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಎಟಿಯಲ್ಲಿ ಬೇರೆ ಅರ್ಜಿ ಹಾಕಬೇಕು.

ಕಂಪನಿ ನಿಮಗೆ ಸರಕು ನಿಲ್ಲಿಸಿದ ದಿನಾಂಕವನ್ನು ಇವತ್ತೇ ಬರೆದಿಡಿ. ಮೂರು ವರ್ಷದ ಲೆಕ್ಕಕ್ಕೆ ಅದು ಬೇಕೇ ಬೇಕು.