ಕಾವಲಿನ ಹಸುರನ್ನು ಉಪಗ್ರಹದಿಂದ ಅಳೆಯುವ ಬಗೆ

ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಸೀಮೆಗಳಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಅರಸರ ಕಾಲದಿಂದ ಮೀಸಲಾಗಿದ್ದ ಕಾವಲುಗಳ ಪೈಕಿ ಅಳಿದುಳಿದವುಗಳ ಯೋಗಕ್ಷೇಮವನ್ನು, ಕಂಪ್ಯೂಟರ್ ಬಳಸಬಲ್ಲ ಯಾರಾದರೂ ಇಂದು ಬಿಡಿಗಾಸಿನ ವೆಚ್ಚವಿಲ್ಲದೆ ವಿಚಾರಿಸಬಹುದು. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಮೊದಲು ಕಾವಲಿನ ಎಲ್ಲೆಯನ್ನು ನಕ್ಷೆಯ ಮೇಲೆ ಗುರುತಿಸಿಕೊಳ್ಳತಕ್ಕದ್ದು. ಅಂಚಿನ ಹೊಲಗಳು ಒಳಸೇರಿದರೆ ರಾಗಿಯ ಪೈರೂ ಹುಲ್ಲಿನ ಲೆಕ್ಕಕ್ಕೆ ಬಂದೀತು. ತರುವಾಯ ಮಳೆಗಾಲ ಮುಗಿಯುವ ನವೆಂಬರಿನದೊಂದು, ಹುಲ್ಲು ಒಣಗಿ ನಿಲ್ಲುವ ಮಾರ್ಚಿನದೊಂದು, ಹೀಗೆ ಮೋಡವಿಲ್ಲದ ಎರಡು ಚಿತ್ರಗಳನ್ನು ಪ್ರತಿವರ್ಷಕ್ಕೂ ಆರಿಸಬೇಕು.

ಸಜೀವವಾದ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಹಿಂದಿರುಗಿಸುತ್ತದೆಯಾದ ಕಾರಣ, ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯು ಹಸುರಿನ ಅಳತೆಯಾಗುತ್ತದೆ; ಇದೇ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ. ಸೆಂಟಿನೆಲ್‌ನಲ್ಲಿ ಕೆಂಪು ಮತ್ತು ಅವಕೆಂಪು ಕ್ರಮವಾಗಿ 4 ಮತ್ತು 8ನೆಯ ಪಟ್ಟಿಗಳು. ಚಿತ್ರದ ಒಂದೊಂದು ಚೌಕವೂ 10 ಮೀಟರ್ ಅಗಲದ ನೆಲ. ಹಿಂದಿರುಗಿದ ಬೆಳಕಿನ ಪಾಲು ಕೆಂಪಿನಲ್ಲಿ 0.10, ಅವಕೆಂಪಿನಲ್ಲಿ 0.30 ಇದ್ದಲ್ಲಿ ಸೂಚ್ಯಂಕವು 0.5, ಹುಲ್ಲು ಒಣಗಿ ಅವು 0.20 ಮತ್ತು 0.26 ಆದರೆ ಸುಮಾರು 0.13. ವಿರಳವಾದ ಹುಲ್ಲಿನ ಸಂದಿಯಲ್ಲಿ ಕೆಮ್ಮಣ್ಣು ಇಣುಕುವ ಕಡೆ, ಮಣ್ಣಿನ ಪ್ರಭಾವವನ್ನು ತಗ್ಗಿಸಲೆಂದು ಹ್ಯೂಟ್ ಎಂಬ ವಿಜ್ಞಾನಿ 1988ರಲ್ಲಿ ಸೂಚಿಸಿದ ಸಾವಿ ಸೂಚ್ಯಂಕವೇ ಮೇಲು.

ಇನ್ನು ಚಿತ್ರವನ್ನು ಓದುವ ಬಗೆ. ಕಾಡಿನಲ್ಲಿ ಹಸುರು ಹೆಚ್ಚುವುದು ಸಾಮಾನ್ಯವಾಗಿ ಶುಭವಾರ್ತೆಯಾದರೂ ಕಾವಲಿನಲ್ಲಿ ಹಾಗಲ್ಲ. ಮಾರ್ಚಿನ ಬಿಸಿಲಿನಲ್ಲಿ ಕರಡವೆಲ್ಲ ಹಳದಿಯಾಗಿರುವಾಗ ಕೆಲವು ಚೌಕಗಳು ಮಾತ್ರ ವರ್ಷವರ್ಷವೂ ಹಸುರೇರುತ್ತ, ಹಳ್ಳದ ದಂಡೆಯಿಂದ ಬಯಲಿಗೆ ಹಬ್ಬುತ್ತಿದ್ದರೆ, ಅದು ಬಹುಶಃ ಬೇರನ್ನು ಆಳಕ್ಕಿಳಿಸಿ ಹುಲ್ಲನ್ನು ಹಿಂದೂಡುವ ಬಳ್ಳಾರಿ ಜಾಲಿ. ಬಯಲನ್ನು ಬಂಜರೆಂದು ಬಗೆದು ನೀಲಗಿರಿ ನೆಟ್ಟೆಡೆಯೂ, ಕೃಷ್ಣಮೃಗಗಳ ರಾಣೆಬೆನ್ನೂರಿನಲ್ಲಿ ಆದಂತೆ, ಬೇಸಿಗೆಯ ಚಿತ್ರದಲ್ಲಿ ಹಸುರೇ. ನನಗಂತೂ ನವೆಂಬರಿನ ಚಿತ್ರಕ್ಕಿಂತ ಮಾರ್ಚಿನದೇ ಹೆಚ್ಚು ನಂಬುಗೆಯದು.

ಬರಗಾಲದ ವರ್ಷವನ್ನು ಸುಭಿಕ್ಷದ ವರ್ಷದೊಡನೆ ಹೋಲಿಸಲಾಗದು. ಮಳೆಯ ಪ್ರಮಾಣ ಸರಿಸುಮಾರಾಗಿರುವ ವರ್ಷಗಳನ್ನೇ ಜೋಡಿಸಬೇಕು. ಸೆಂಟಿನೆಲ್-2 ಚಿತ್ರಗಳಿಲ್ಲದ, 2015ಕ್ಕಿಂತ ಹಿಂದಿನ ವರ್ಷಗಳದು ಬೇಕಾದಲ್ಲಿ 30 ಮೀಟರ್ ಚೌಕದ ಲ್ಯಾಂಡ್‌ಸ್ಯಾಟ್ ಚಿತ್ರಗಳುಂಟು. ಆದರೆ ಎರಡರ ಅಂಕಿಗಳನ್ನು ನೇರವಾಗಿ ಬೆರೆಸಬಾರದು.

ಕಡೆಯದಾಗಿ, ಸಂಶಯ ಬಂದ ಚೌಕಗಳಿಗೆ ಕುರಿಗಾಹಿಯೊಬ್ಬನ ಜೊತೆಯಲ್ಲಿ ನಡೆದುಹೋಗಿ, ಅಲ್ಲಿರುವುದು ಜಾಲಿಯೋ ಹುಲ್ಲೋ ಎಂಬುದನ್ನು ಕಣ್ಣಾರೆ ಕಂಡು ನಕ್ಷೆಯ ಮೇಲೆ ಬರೆದುಕೊಳ್ಳಿರಿ. ದಿನಾಂಕ ಸಹಿತವಾದ ಆ ನಕ್ಷೆಯ ಪ್ರತಿಯೊಂದನ್ನು ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಲುಪಿಸಿರಿ.